ತೆಗೆಯಬೇಕಾದವರು

ಮಾರ್ಚ್ ೩, ೧೯೫೧

ಟ್ರಾಮ್ ಡಿಪೊದ ಮುಂದೆ ಕಲ್ಲು ಬಿದ್ದ ಕಥೆಯನ್ನು ನನಗೆ ಮೊದಲು ಹೇಳಿದವಳು ಕೆಳಮನೆಯ ಇಸ್ತ್ರಿಯವಳು. ಇಂದು ಬೆಳಗ್ಗೆ, ನಾನು ನಲ್ಲಿಯ ಹತ್ತಿರ ಬಾಯಿತುಂಬ ನೊರೆ ತುಂಬಿಕೊಂಡು ನಿಂತಿದ್ದಾಗ. ಅವಳು ಹೇಳುವಾಗ ಬಿದ್ದದ್ದು ಒಂದೇ ಕಲ್ಲು. ನಾನು ಮೂರನೆಯ ಮಹಡಿ ಹತ್ತುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಹತ್ತಿ, ಕಲ್ಲು ಮರಿ ಹಾಕಿ, ಅಕ್ಕನ ಬಾಯಲ್ಲಿ ಮ್ಯಾನೇಜರನ ತಲೆ ಎರಡು ಹೋಳಾಗಿತ್ತು.

"ಹೋಳಾಗೋಕೆ ಆ ತಲೇಲಿ ಏನಿದೆ?" ಎಂದ ಭಾವ, ಬೂಟಿಗೆ ದಾರ ಕಟ್ಟುತ್ತ. ಟ್ರಾಮ್ ಓಡಿಸುವವನು ಅವನೇ. ಕಲ್ಲು ಬಿದ್ದಾಗ ಅಲ್ಲೇ ಇದ್ದ. ಬಿದ್ದದ್ದು ಕಿಟಕಿಯ ಗಾಜಿಗಂತೆ.

ಅಜ್ಜಿ ಇದ್ದಿದ್ದರೆ ಈ ಕಥೆಗೆ ಕೈಕಾಲು ಜೋಡಿಸಿಬಿಡುತ್ತಿದ್ದಳು. ಹಳ್ಳಿಯಲ್ಲಿ ಒಲೆಯ ಮುಂದೆ ಕೂತು ಅವಳು ಯಾವ ಕಥೆ ಶುರುಮಾಡಿದರೂ, ಇದನ್ನು ನನಗೆ ಇಂಥವರು ಇಂಥ ಹೊತ್ತಿನಲ್ಲಿ ಹೇಳಿದರು ಎಂದೇ ಶುರುಮಾಡುತ್ತಿದ್ದಳು. ರಾಜ ಸತ್ತ, ರಾಣಿ ಬದುಕಿದಳು ಎಂದು ಕೈ ತೊಳೆದುಕೊಳ್ಳುತ್ತಿರಲಿಲ್ಲ. ಕಥೆ ಕೇಳಿದವರು ಮರುದಿನ ಬೆಳಗ್ಗೆ ಏನು ಮಾಡಿದರು ಎಂದು ಹೇಳಿಯೇ ನಿಲ್ಲಿಸುವುದು. ಕೇಳಿದವರು ಎದ್ದು ಹೋಗಿ ಬಾವಿ ತೋಡಿದರು. ಕೇಳಿದವರು ಎದ್ದು ಹೋಗಿ ಮಗಳನ್ನು ಮನೆಗೆ ಕರೆತಂದರು. "ಕೇಳಿ ಸುಮ್ನೆ ಮಲಗೋದಾದ್ರೆ ನಾನ್ಯಾಕೆ ಗಂಟಲು ಒಣಗಿಸ್ಕೊಳ್ಳಲಿ?" ಎನ್ನುತ್ತಿದ್ದಳು.

ಕಂಪನಿಯವರು ಇನ್ನು ಗಾಡಿಗೆ ಒಬ್ಬನೇ ಸಾಕು, ಓಡಿಸುವವನೇ ಟಿಕೆಟ್ಟೂ ಹರಿಯಲಿ ಎಂದಿದ್ದಾರೆ. ಕಂಡಕ್ಟರುಗಳೆಲ್ಲ ಬೀದಿಪಾಲು. ಭಾವನ ಕೆಲಸಕ್ಕೆ ಕುತ್ತಿಲ್ಲ. ಆದರೂ ಮುಷ್ಕರಕ್ಕೆ ನಿಂತಿದ್ದಾನೆ. "ಅವನು ಹಿಂದಿಂದ ಗಂಟೆ ಹೊಡೀದೆ ನನ್ನ ಕಾಲು ಬ್ರೇಕ್ ಮೇಲಿಂದ ಏಳಲ್ಲ ಕಣೋ, ನಾನೇನು ಮಾಡ್ಲಿ?" ಅಂದ.

ನಾನು ಸಂಜೆ ಪತ್ರಿಕೆಗೆ ಚಿತ್ರ ತೆಗೆಯುವವನು. ಭಾನುವಾರದ ಅರ್ಧ ಪುಟ ನನ್ನದು, ಊರಿನ ದಿನನಿತ್ಯದ ಮುಖಗಳು. ನಾಳಿನ ಪುಟಕ್ಕೆ ಇಸ್ತ್ರಿಯವಳ ಗಂಡ ಸಿಕ್ಕ. ಡಿಪೊದವರ ಸಮವಸ್ತ್ರಗಳನ್ನು ಗಂಟು ಕಟ್ಟಿ, ಕಂಕುಳಲ್ಲಿ ಇಟ್ಟುಕೊಂಡು ಹೋಗಿ ಮುಟ್ಟಿಸಿ ಬರುವುದು ಅವನ ಕೆಲಸ. ಎಂದೋ ಗಂಜಿಯ ಹಂಡೆ ಮಗುಚಿ ಕುತ್ತಿಗೆ ಬೆಂದದ್ದು. ಅಂದಿನಿಂದ ಬಿಸಿಲಿರಲಿ ಚಳಿಯಿರಲಿ ಚೌಕುಳಿ ಮಫ್ಲರು ಬಿಚ್ಚುವುದಿಲ್ಲ. ಪಾರ್ಕಿನ ಬೆಂಚಿನ ಮೇಲೆ ಗಂಟನ್ನೇ ತಲೆದಿಂಬು ಮಾಡಿಕೊಂಡು ಮಲಗಿದ್ದ, ಬೂಟಿನ ತುದಿಯಲ್ಲಿ ಒಂದು ಪಾರಿವಾಳ. ತೆಗೆದೆ. ಆಮೇಲೆ ಏಳುವ ತನಕ ಪಕ್ಕದಲ್ಲೇ ಕಾದು ಕೂತು, ಹೀಗೆ ಮಾಡಿದ್ದೀನಪ್ಪ, ಪತ್ರಿಕೆಗೆ ಹಾಕಲಾ ಎಂದು ಕೇಳಿದೆ. ಕೇಳದೆ ಹಾಕುವ ಅಭ್ಯಾಸ ನನಗಿಲ್ಲ.

"ಕಣ್ಣು ಮುಚ್ಕೊಂಡಿರೋನು ಯಾರು ಅಂತ ಯಾರಿಗಣ್ಣಾ ಗೊತ್ತಾಗುತ್ತೆ?" ಎಂದು ನಕ್ಕ.

"ಕಣ್ಣು ಯಾಕೆ? ಆ ಮಫ್ಲರು ಕಂಡ್ರೆ ಸಾಕು, ಊರಿಗೆ ಊರೇ ಹೇಳುತ್ತೆ," ಎಂದೆ.

ಮಾರ್ಚ್ ೬

ಪಾರಿವಾಳದ ಚಿತ್ರವನ್ನು ಇಸ್ತ್ರಿಯವಳು ಗೋಡೆಗೆ ಅಂಟಿಸಿಕೊಂಡಿದ್ದಾಳೆ. ಬಂದವರಿಗೆಲ್ಲ, "ನೋಡಿ, ಕೆಲಸಕ್ಕೆ ಅಂತ ಹೋಗಿ ಇವ್ರು ಮಾಡೋದು ಇದು," ಎಂದು ತೋರಿಸುತ್ತಾಳೆ.

ಇಂದು ಡಿಪೊದ ಗೇಟಿಗೆ ಹೋಗಿದ್ದೆ. ಮುಷ್ಕರದವರು ಎಣ್ಣೆಯ ಡ್ರಮ್ಮಿನಲ್ಲಿ ಬೆಂಕಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದರು. ಭಾವ ಪೊರಕೆಯನ್ನು ಟ್ರಾಮಿನ ಹಿಡಿಕೆ ಮಾಡಿಕೊಂಡು ನಿಂತಲ್ಲೇ ಗಾಡಿ ಓಡಿಸುತ್ತಿದ್ದ. ಅವನ ಕಂಡಕ್ಟರು ಬೆನ್ನ ಹಿಂದೆ ನಿಂತು ಲೋಟಕ್ಕೆ ಚಮಚ ಬಡಿದು ಗಂಟೆ ಹೊಡೆಯುತ್ತಿದ್ದ. "ಮುಂದೆ ಹೋಗ್ರೀ, ಮುಂದೆ ಜಾಗ ಇದೆ!" ಎಂದು ಕೂಗಿದಾಗ ಇಡೀ ಗೇಟು ನಕ್ಕಿತು. ಆ ನಗುವಿನ ನಡುವೆ ಕ್ಯಾಮೆರಾದ ಗುಂಡಿ ಒತ್ತಿದೆ. ಈ ವರ್ಷದ ನನ್ನ ಒಳ್ಳೆಯ ಚಿತ್ರ ಇದೇ ಇರಬೇಕು.

ಆದರೆ ಇದು ಹೀಗೇ ಅಚ್ಚಾದರೆ ಕಂಪನಿಯವರು ಒಬ್ಬೊಬ್ಬರನ್ನೇ ಗುರುತು ಹಿಡಿದು ಮನೆಗೆ ಕಳಿಸುತ್ತಾರೆ. ಅದಕ್ಕೆ ನಮ್ಮ ಕಚೇರಿಯಲ್ಲಿ ಒಂದು ದಾರಿ ಇದೆ. ಯಾವ ಮುಖ ಕಾಣಬಾರದೋ ಅದರ ಸುತ್ತ ಕೆಂಪು ಮೇಣದ ಪೆನ್ಸಿಲ್ಲಿನಲ್ಲಿ ಉಂಗುರ ಬಿಡಿಸಿ, ಪಕ್ಕದಲ್ಲಿ 'ತೆಗಿ' ಎಂದು ಬರೆದು, ಚಿತ್ರ ತಿದ್ದುವ ಕುಂಚದಜ್ಜನ ಮೇಜಿನ ಮೇಲಿಟ್ಟರಾಯಿತು. ಅಜ್ಜ ಅದನ್ನು ನೋಡಿಕೊಂಡು ಇನ್ನೊಂದು ಪ್ರತಿಯ ಮೇಲೆ ಬೆಕ್ಕಿನ ಮೀಸೆಯಂಥ ಕುಂಚದಿಂದ ಬೂದುಬಣ್ಣ ಸವರಿ, ಮೂಗು ಬಾಯಿ ಎಲ್ಲ ಹೊಗೆಯಲ್ಲಿ ಕರಗಿದಂತೆ ಮಾಡಿಬಿಡುತ್ತಾನೆ. "ಬೇರೆಯವರು ಉಂಗುರ ತೊಡಿಸಿ ಮನೆ ತುಂಬಿಸ್ಕೋತಾರೆ, ನಾವು ಉಂಗುರ ತೊಡಿಸಿ ಹೊರಗೆ ಹಾಕ್ತೀವಿ," ಎಂಬುದು ಅಜ್ಜನ ಹಳೆಯ ಜೋಕು. ಕೇಳಿದಾಗೆಲ್ಲ ನಗಬೇಕು, ಇಲ್ಲದಿದ್ದರೆ ಕೆಲಸ ತಡಮಾಡುತ್ತಾನೆ.

ಭಾವನಿಗೂ ಕಂಡಕ್ಟರಿಗೂ ಮುಂದಿನ ಸಾಲಿನವರಿಗೂ ಉಂಗುರ ತೊಡಿಸಿದೆ. ಸಂಜೆ ಪತ್ರಿಕೆ ನೋಡಿದ ಭಾವ ಮುನಿಸಿಕೊಂಡ. "ನನ್ನ ಮೀಸೆ ಎಲ್ಲೋ? ಪೊರಕೆ ಬಂದಿದೆ, ಮೀಸೆ ಬಂದಿಲ್ಲ!"

ಅಕ್ಕ ಅಡುಗೆಮನೆಯಿಂದಲೇ, "ಎರಡೂ ಒಂದೇ ಥರ ಇದೆ ಅಂತ ಒಂದನ್ನ ತೆಗೆದಿರ್ತಾನೆ, ಬಿಡಿ," ಎಂದಳು. ಆಮೇಲೆ ನನ್ನಿಂದ ಉಂಗುರದ ವಿಷಯ ಕೇಳಿ ತಿಳಿದುಕೊಂಡು, ಬಟ್ಟಲು ಇಡುವಾಗ ನನ್ನ ತಲೆ ಸವರಿ ಹೋದಳು. ಅಕ್ಕ ಹಾಗೆಲ್ಲ ಮಾಡುವವಳಲ್ಲ.

ಮಾರ್ಚ್ ೯

ಬರೆಯಬಾರದೆಂದುಕೊಂಡೆ. ಬರೆಯದಿದ್ದರೆ ಕೈ ಸುಮ್ಮನಿರುವುದಿಲ್ಲ.

ಕಂಪನಿಯವರು ಎಲ್ಲಿಂದಲೋ ಆಳುಗಳನ್ನು ಲಾರಿಯಲ್ಲಿ ತುಂಬಿಕೊಂಡು ಬಂದರು. ಹಳಿ ತಿರುಗಿಸುವ ಕಬ್ಬಿಣದ ಸಲಾಕೆಗಳು ಅವರ ಕೈಯಲ್ಲಿ. ಲಾರಿ ನಿಲ್ಲುವ ಮೊದಲೇ ಧುಮುಕಿದರು. ಮಾತಿಲ್ಲ, ಬೈಗುಳವಿಲ್ಲ. ಹಳ್ಳಿಯಲ್ಲಿ ಜಗಳವೆಂದರೆ ಅರ್ಧ ದಿನ ವಂಶಾವಳಿ ಎತ್ತಿ ಬೈದಾಡಿ ಆಮೇಲೆ ಕೈ ಎತ್ತುವುದು. ಇವರು ಬಾಯಿ ಬಿಡದೆ ಹೊಡೆದರು. ಸಲಾಕೆ ಮೈಗೆ ಬೀಳುವ ಸದ್ದು ಒದ್ದೆ ಕಂಬಳಿಯನ್ನು ಕಲ್ಲಿಗೆ ಬಡಿದ ಹಾಗೆ. ಎಲುಬಿಗೆ ಬಿದ್ದರೆ ಬೇರೆ ಸದ್ದು. ಭಾವನ ಕಂಡಕ್ಟರು ಚಹಾದ ಲೋಟ ಹಿಡಿದೇ ತಿರುಗಿದ. ಸಲಾಕೆ ಲೋಟವನ್ನೂ ದವಡೆಯನ್ನೂ ಒಟ್ಟಿಗೆ ಒಡೆಯಿತು. ಕೂತುಬಿಟ್ಟ. ಬಾಯಿ ಒಂದು ಕಡೆ ಜೋತು, ಏನೋ ಹೇಳಲು ಹೋದರೆ ಮಾತಿನ ಬದಲು ಹಲ್ಲು ಬಿತ್ತು.

ನಾನು ಕ್ಯಾಮೆರಾ ಬೆನ್ನಿಗೆ ಹಾಕಿ ಓಡಿದೆ. ಕರವಸ್ತ್ರದಿಂದ ದವಡೆ ಎತ್ತಿ ತಲೆಯ ಮೇಲೆ ಗಂಟು ಹಾಕಿದೆ. ಅವನು ನೆಲ ತೋರಿಸುತ್ತಿದ್ದ. ಹಲ್ಲು ಬೇಕಾಗಿತ್ತು ಅವನಿಗೆ. ಸಿಕ್ಕಷ್ಟು ಆರಿಸಿ ಜೇಬಿಗೆ ಹಾಕಿಕೊಂಡೆ. ಆಸ್ಪತ್ರೆಯ ತನಕ ಭಾವ ಅವನನ್ನು ಹೆಗಲ ಮೇಲೆ ಹೊತ್ತ. ನಾನು ಹಿಂದೆ ಓಡಿದೆ. ದಾರಿಯುದ್ದಕ್ಕೂ ಭಾವ, "ಗಂಟೆ ಹೊಡಿಯೋ, ಹೊಡಿಯೋ," ಎನ್ನುತ್ತಿದ್ದ. ಅವನು ಭಾವನ ಬೆನ್ನಿಗೆ ಬೆರಳಿನಿಂದ ತಟ್ಟುತ್ತಿದ್ದ.

ತೆಗೆದದ್ದು ಒಂದೇ ಚಿತ್ರ, ಅದೂ ಓಡುವಾಗ ಬೆರಳು ತಗುಲಿದ್ದು. ಎಲ್ಲ ಕದಡಿಹೋಗಿದೆ. ಸಂಪಾದಕ ಅದನ್ನೇ ಮೊದಲ ಪುಟಕ್ಕೆ ಹಾಕಿ, "ಇಷ್ಟು ದಿನ ನಿನ್ನನ್ನ ಪಾರಿವಾಳ ಕಾಯೋಕೆ ಬಿಟ್ಟಿದ್ದೆನಲ್ಲ," ಎಂದು ಬೆನ್ನು ತಟ್ಟಿದ. ಪತ್ರಿಕೆ ಎರಡು ಸಲ ಅಚ್ಚಾಯಿತು.

ಜೇಬಿನಲ್ಲಿ ಕ್ಯಾಮೆರಾದ ಸುಟ್ಟ ಫ್ಲ್ಯಾಶ್ ಬಲ್ಬುಗಳ ಜೊತೆ ಇನ್ನೂ ಒಂದು ಹಲ್ಲು ಇದೆ.

ಮಾರ್ಚ್ ೧೨

ಇಂದು ಪೊಲೀಸರದು. ಲಾಠಿ ಬೀಸಿದರು. ಇಳಿಬಿಸಿಲು ಹಳಿಗಳ ಮೇಲೆ ಬಿದ್ದು ಬೀದಿಯೆಲ್ಲ ಬೆಳ್ಳಗಿತ್ತು, ಬಲ್ಬೇ ಬೇಕಾಗಲಿಲ್ಲ. ಕೈ ನಡುಗಲಿಲ್ಲ. ಅದಕ್ಕೊಂದು ಉಪಾಯ ಕಂಡುಕೊಂಡಿದ್ದೇನೆ: ಮುಖ ನೋಡದೆ ಗೆರೆ ನೋಡುವುದು. ಲಾಠಿ ಒಂದು ಗೆರೆ, ಅಡ್ಡ ಬಂದ ಕೈ ಒಂದು ಗೆರೆ, ಎರಡೂ ಕೂಡುವ ಕಡೆ ಒತ್ತುವುದು.

ಬಿಳಿ ಏಪ್ರನ್ನಿನವನೊಬ್ಬ ನನ್ನ ಮುಂದೆಯೇ ಬಿದ್ದ. ಬಿದ್ದ ಮೇಲೂ ಹೊಡೆದರು. ಕಿವಿ ಕಿತ್ತು ನೇತಾಡುತ್ತಿತ್ತು. ನನ್ನ ಕಡೆ ಕೈ ಚಾಚಿ ಏನೋ ಹೇಳಿದ. ನಾನು ಕ್ಯಾಮೆರಾದ ಪ್ಲೇಟು ಬದಲಿಸುತ್ತಿದ್ದೆ. ಅವನ ಒಂದು ಬೂಟು ಕಳಚಿ ದೂರ ಬಿದ್ದು ಚಿತ್ರದೊಳಗೆ ಬರುತ್ತಿರಲಿಲ್ಲ. ಕಾಲಿನಿಂದ ಸ್ವಲ್ಪ ಈಚೆ ಸರಿಸಿದೆ. ಚಿತ್ರಕ್ಕೆ ಈಗ ಒಂದು ತೂಕ ಬಂದಿದೆ.

"ಆ ಬೂಟು!" ಎಂದ ಸಂಪಾದಕ. "ಅದೊಂದೇ ಸಾಕು."

ಮನೆಯಲ್ಲಿ ಅಕ್ಕ, "ಯಾರ ಮಗನೋ ಅವನು? ಬದುಕಿದ್ದಾನಾ?" ಎಂದಳು. ಕೇಳುವುದು ಮರೆತಿದ್ದೆ.

ಮಾರ್ಚ್ ೧೪

ಒಳ್ಳೆಯ ದಿನ. ಇನ್‌ಸ್ಪೆಕ್ಟರು ಕಚೇರಿಗೆ ಬಂದಿದ್ದ. ಹೊಟ್ಟೆ ತುಂಬ ನಗುವ ಮನುಷ್ಯ. ಕುರ್ಚಿಯಲ್ಲಿ ಕೂತರೆ ಕುರ್ಚಿಯೂ ನಗುತ್ತದೆ. ಕುಂಚದಜ್ಜನಿಗೆ ಜ್ವರ, ಎರಡು ದಿನದಿಂದ ಬಂದಿಲ್ಲ. ಉಂಗುರ ತೊಡಿಸಿದ ಚಿತ್ರಗಳು, ಪೊರಕೆಯ ಚಿತ್ರದ ಉಂಗುರದ ಪ್ರತಿಯೂ ಸೇರಿ, ಅವನ ಮೇಜಿನ ಮೇಲೆ ಹಾಗೇ ರಾಶಿ ಬಿದ್ದಿದ್ದವು.

"ಆ ಬೂಟಿನ ಚಿತ್ರ ನಿಮ್ದೇನ್ರೀ?" ಎಂದ ಇನ್‌ಸ್ಪೆಕ್ಟರು. "ನಮ್ಮ ಮನೆಯವಳು ಅದನ್ನ ನೋಡಿ ಊಟ ಬಿಟ್ಟು ಎದ್ಲು. ಇಂಥದ್ದು ಇನ್ನೂ ಇದ್ರೆ ತೋರಿಸಿ, ನಾನೂ ಸ್ವಲ್ಪ ಸಣ್ಣಗಾಗ್ತೀನಿ."

ಸಂಪಾದಕ ಕಣ್ಣಲ್ಲೇ ರಾಶಿಯ ಕಡೆ ತೋರಿಸಿದ. ತಂದುಕೊಟ್ಟೆ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದ. ನೋಡಲು ಬರುವ ಮನುಷ್ಯ. ನೆರಳು ಎಲ್ಲಿಂದ ಬಂತು, ಎಷ್ಟು ಹತ್ತಿರ ನಿಂತಿದ್ದೆ, ಹೆದರಿಕೆಯಾಗಲಿಲ್ಲವೇ ಎಂದು ಕೇಳಿದ. ಇಷ್ಟು ವರ್ಷದಲ್ಲಿ ಸಂಪಾದಕ ಒಮ್ಮೆಯೂ ಕೇಳಿದ್ದಿಲ್ಲ.

"ಇದೇನ್ರೀ, ಮುಖಕ್ಕೆಲ್ಲ ಉಂಗುರ?"

"ತೆಗೀಬೇಕಾದವರು ಸಾರ್."

"ಹೌದಾ!" ಎಂದ. ಹತ್ತಿರ ಹಿಡಿದು ಓದಿದ. "ಗುರುತು ಹಾಕಿದ್ದು ನೀವೇನಾ?"

"ನಾನೇ ಸಾರ್. ಡಿಪೊದ ಬೀದೀಲಿ ನನಗೆ ಗೊತ್ತಿಲ್ಲದ ಮುಖವೇ ಇಲ್ಲ."

ಎದ್ದು ನಿಂತು ನನ್ನ ಕೈ ಕುಲುಕಿದ. "ನಿಮ್ಮಂಥೋರು ಇಬ್ಬರು ಸಿಕ್ಕಿದ್ರೆ ಊರು ಯಾವತ್ತೋ ತಣ್ಣಗಾಗ್ತಿತ್ತು," ಎಂದ. ಚಿತ್ರಗಳನ್ನು ನೋಡಿ ವಾಪಸು ಕಳಿಸುತ್ತಾನಂತೆ. ಇಷ್ಟಪಟ್ಟು ತೆಗೆದುಕೊಂಡು ಹೋದ.

ಮಾರ್ಚ್ ೧೫

ಮಾರುಕಟ್ಟೆಯ ಹತ್ತಿರ ಟ್ರಾಮಿಗೆ ಬೆಂಕಿ. ಆರು ಪ್ಲೇಟು, ಆರೂ ಚೆನ್ನಾಗಿ ಬಂದಿವೆ. ಮುದುಕಿಯೊಬ್ಬಳು ಎದೆ ಬಡಿದುಕೊಳ್ಳುತ್ತ ಅಡ್ಡ ನಿಂತಿದ್ದಳು. ಪಕ್ಕಕ್ಕೆ ಸರಿಸಿದೆ. ಕೂತುಬಿಟ್ಟಳು. ವಯಸ್ಸಾದವರು ಇಂಥ ಕಡೆ ಬರಬಾರದು.

ಮಾರ್ಚ್ ೧೬

ಬೆಳ್ಳಂಬೆಳಗ್ಗೆ ಹಿಡಿಯಲು ಶುರುಮಾಡಿದರು. ಎದುರುಮನೆಯ ಬಾಗಿಲನ್ನು ಬೂಟಿನಿಂದ ಒದ್ದು ಒಡೆದು ಅಲ್ಲಿಯ ಡ್ರೈವರನ್ನು ಕೂದಲು ಹಿಡಿದು ಮೆಟ್ಟಿಲ ಮೇಲೆ ಎಳೆದರು. ಪ್ರತಿ ಮೆಟ್ಟಿಲಿಗೂ ತಲೆ ಬಡಿಯಿತು. ಹಿಂದಿನ ಬೀದಿಯಲ್ಲೂ ಹೀಗೇ. ಗುಂಪನ್ನಲ್ಲ, ಆರಿಸಿ ಆರಿಸಿ ಹಿಡಿಯುತ್ತಿದ್ದಾರೆ.

"ಯಾರೋ ಬೆರಳು ಮಾಡಿ ತೋರಿಸಿದ್ದಾರೆ," ಎಂದಳು ಇಸ್ತ್ರಿಯವಳು. "ಆ ಬೆರಳಿಗೆ ಹುಳ ಬೀಳ."

ಭಾವ ಮೂಲೆಯ ಕ್ಷೌರದಂಗಡಿಯಲ್ಲಿದ್ದ. ನಾನು ಅಲ್ಲಿಗೆ ಹೋಗುವಾಗಲೇ ವ್ಯಾನು ಬಂತು. ಕುತ್ತಿಗೆಗೆ ಬಟ್ಟೆ, ಮುಖಕ್ಕೆಲ್ಲ ನೊರೆ. ಲಾಠಿ ಹೊಟ್ಟೆಗೆ ಬಿತ್ತು, ಬಗ್ಗಿದ. ಬೆನ್ನಿಗೆ ಬಿತ್ತು, ಕನ್ನಡಿಗೆ ಹೋಗಿ ಬಡಿದ. ಕ್ಷೌರಿಕನ ಕತ್ತಿ ಗಾಬರಿಯಲ್ಲಿ ಜಾರಿ ಅರ್ಧ ಮೀಸೆ ಹೋಯಿತು. ಒಡೆದ ಕನ್ನಡಿಯ ಚೂರುಚೂರಿನಲ್ಲೂ ಬಿಳಿ ನೊರೆ, ನೊರೆಯಲ್ಲಿ ಕೆಂಪು.

ಮೊದಲು ಒತ್ತಿದೆ. ಆಮೇಲೆ "ಭಾವಾ" ಎಂದು ಕೂಗಿದೆ. ಇಷ್ಟು ವರ್ಷ ಪಳಗಿದ ಕೈ. ಅದು ಯಾರಿಗಾಗಿಯೂ ಕಾಯುವುದಿಲ್ಲ.

ಅಕ್ಕನಿಗೆ ಹೇಳಿದೆ. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಅವಳು ಇಳಿಸಲಿಲ್ಲ.

ಮಾರ್ಚ್ ೧೭

ಠಾಣೆಗೆ ಹೋದೆ. ಇನ್‌ಸ್ಪೆಕ್ಟರು ಹಳೆಯ ಗೆಳೆಯನ ಹಾಗೆ ಕೈ ಹಿಡಿದು ಒಳಗೆ ಕರೆದುಕೊಂಡು ಹೋದ. ಗೋಡೆಯ ಮೇಲೆ ನನ್ನ ಚಿತ್ರಗಳು ಸಾಲಾಗಿ ಇದ್ದವು. ನನ್ನ ಉಂಗುರಗಳು, ನನ್ನ ಕೈಬರಹ: ತೆಗಿ, ತೆಗಿ, ತೆಗಿ. ಹಲವಕ್ಕೆ ನೀಲಿ ಪೆನ್ಸಿಲ್ಲಿನಲ್ಲಿ ಅಡ್ಡಗೆರೆ ಬಿದ್ದಿತ್ತು.

"ನಿಮ್ಮ ಉಪಕಾರ ದೊಡ್ಡದು. ಒಬ್ಬೊಬ್ಬರನ್ನಾಗಿ ತೆಗೀತಾ ಇದ್ದೀವಿ."

ಪಕ್ಕದ ಕೋಣೆಯಿಂದ ಸದ್ದು ಬರುತ್ತಿತ್ತು. ಪಾದಕ್ಕೆ ಹೊಡೆಯುವ ಸದ್ದು ಚಪ್ಪಾಳೆಯ ಹಾಗಿರುತ್ತದೆ. ಅದರ ನಡುವೆ ಒಂದು ಗಂಟಲು. ಅದು ಯಾರದೆಂದು ತಿಳಿಯಲು ನನಗೆ ಹೊತ್ತು ಬೇಕಾಗಲಿಲ್ಲ. ಆ ಗಂಟಲು ದಿನಾ ಬೆಳಗ್ಗೆ ನನ್ನನ್ನು ಎಬ್ಬಿಸುವುದು.

ಸಾರ್, ತೆಗಿ ಅಂದರೆ ಹಾಗಲ್ಲ ಎಂದೆ. ಅಳಿಸು ಅಂತ, ಕಾಣದ ಹಾಗೆ ಮಾಡು ಅಂತ. ಅವನು ಕುರ್ಚಿ ಅಲುಗುವಷ್ಟು ನಕ್ಕ. "ನಾವೂ ಅದನ್ನೇ ಅಲ್ವೇನ್ರೀ ಮಾಡ್ತಿರೋದು?"

"ಅದು ನಮ್ಮ ಭಾವ ಸಾರ್. ಅಕ್ಕನ ಗಂಡ."

ನಗು ನಿಲ್ಲಿಸಿದ. ನಿಜವಾಗಿಯೂ ಬೇಜಾರಾದವನ ಹಾಗೆ ಕಂಡ. "ಮೊದಲೇ ಹೇಳೋದಲ್ವಾ? ಬಿಡ್ತೀನಿ. ಆದ್ರೆ ಚಿತ್ರದಲ್ಲಿ ಇಷ್ಟು ಜನ ಅಂತ ಮೇಲಿನವರಿಗೆ ಹೇಳಿಬಿಟ್ಟಿದ್ದೀನಿ. ಒಂದು ಉಂಗುರ ಅಳಿಸಿದ್ರೆ ಒಂದು ಹಾಕಿಕೊಡಿ. ಯಾರಾದ್ರೂ ಆಗಲಿ." ಕೆಂಪು ಪೆನ್ಸಿಲ್ಲನ್ನು ನನ್ನ ಮುಂದೆ ಉರುಳಿಸಿದ.

ಪೊರಕೆಯ ಚಿತ್ರ. ಪಕ್ಕದ ಕೋಣೆಯಲ್ಲಿ ಸದ್ದು ನಿಂತಿರಲಿಲ್ಲ. ಹೆಬ್ಬೆರಳು ಒದ್ದೆ ಮಾಡಿ ಭಾವನ ಸುತ್ತಲಿನ ಮೇಣವನ್ನು ಉಜ್ಜಿ ತೆಗೆದೆ. ಆಮೇಲೆ ಮುಖಗಳನ್ನು ನೋಡದೆ ಅಂಚನ್ನು ನೋಡಿದೆ. ಎಡಗಡೆಯ ತುದಿಯಲ್ಲಿ, ಗೇಟಿನ ಕಂಬದ ಹತ್ತಿರ, ಕಂಕುಳಲ್ಲಿ ಗಂಟು, ಕುತ್ತಿಗೆಗೆ ಚೌಕುಳಿಯದೇನೋ ಸುತ್ತಿಕೊಂಡು ಯಾವನೋ ಒಬ್ಬ ಅರ್ಧ ತಿರುಗಿ ನಿಂತಿದ್ದ. ಮುಂದಿನ ಸಾಲಿನವನಲ್ಲ. ಹೇಗೂ ಅಚ್ಚಿಗೆ ಕೊಡುವಾಗ ಆ ಅಂಚನ್ನು ಕತ್ತರಿಸಿಯೇ ಕೊಟ್ಟಿದ್ದೆ. ಅವನಿಂದ ಚಿತ್ರಕ್ಕೆ ಏನೂ ಆಗಬೇಕಾದ್ದಿರಲಿಲ್ಲ.

ಹಾಕಿದೆ.

ಸಂಜೆ ಬಿಟ್ಟರು.

ಮಾರ್ಚ್ ೧೮

ಮನೆಯಲ್ಲಿ ಎಷ್ಟೋ ದಿನದ ಮೇಲೆ ನಗು. ಭಾವನ ಪಾದಗಳು ಬದನೆಕಾಯಿಯ ಬಣ್ಣಕ್ಕೆ ತಿರುಗಿ ಊದಿವೆ, ಒಂದು ಹಿಮ್ಮಡಿ ಸೀಳಿದೆ. ಅಕ್ಕ ಉಪ್ಪುನೀರಿನ ಬೋಗುಣಿಯಲ್ಲಿ ಇಳಿಸುವಾಗ ಹಲ್ಲು ಕಚ್ಚಿಕೊಂಡು, "ನನ್ನ ಮದುವೆಯಾದಾಗಿನಿಂದ ನೀನು ನನ್ನ ಕಾಲು ಹಿಡಿದಿದ್ದು ಇದೇ ಮೊದಲು," ಎಂದ.

"ಉಳಿದ ಅರ್ಧ ಮೀಸೇನೂ ಕಿತ್ತುಬಿಡ್ತೀನಿ," ಎಂದಳು ಅಕ್ಕ. ಅವಳು ಅಳುತ್ತಲೂ ಇದ್ದಳು.

ಹೇಗೆ ಬಿಟ್ಟರು ಎಂದು ಇಬ್ಬರೂ ಕೇಳಿದರು. ಪತ್ರಿಕೆಯ ಮಾತಿಗೆ ಬೆಲೆ ಇದೆ ಎಂದೆ. ಅಕ್ಕ ನನ್ನ ತಟ್ಟೆಗೆ ಮತ್ತೆ ಬಡಿಸಿದಳು.

ಮಧ್ಯಾಹ್ನ ಕೆಳಗಡೆ ಇಸ್ತ್ರಿಯವಳು ಕಿರುಚಿಕೊಂಡಳು. ಅವಳ ಗಂಡನನ್ನು ಡಿಪೊದ ಗೇಟಿನಲ್ಲಿ ಹಿಡಿದರಂತೆ. ಗಂಟು ಬಿಚ್ಚಿ, ಇಸ್ತ್ರಿ ಮಾಡಿದ ಅಂಗಿಗಳನ್ನೆಲ್ಲ ಕೆಸರಲ್ಲಿ ತುಳಿದು, ಅವನದೇ ಮಫ್ಲರಿನಿಂದ ಕೈ ಹಿಂದಕ್ಕೆ ಕಟ್ಟಿ, ಬೆಂದ ಕುತ್ತಿಗೆಗೇ ಗುರಿಯಿಟ್ಟು ಹೊಡೆದರಂತೆ.

ಮಾರ್ಚ್ ೧೯

ಮಫ್ಲರು.

ಮಾರ್ಚ್ ೨೦

ಠಾಣೆಗೆ ಹೋಗಿದ್ದೆ, ಒಳಗೆ ಬಿಡಲಿಲ್ಲ. ಕಚೇರಿಗೆ ಹೋಗಲಿಲ್ಲ.

ಸಂಜೆ ಮೆಟ್ಟಿಲ ಮೇಲೆ ಎಲ್ಲರೂ ಕೂತಿದ್ದರು. ಕರೆಂಟು ಹೋದರೆ ಕೂರುತ್ತೇವಲ್ಲ ಹಾಗೆ. ಭಾವ ಬಟ್ಟೆ ಸುತ್ತಿದ ಪಾದಗಳನ್ನು ಚಾಚಿಕೊಂಡಿದ್ದ, ಹಿಂದೆ ಅಕ್ಕ. ದವಡೆಗೆ ಪಟ್ಟಿ ಕಟ್ಟಿಸಿಕೊಂಡ ಕಂಡಕ್ಟರು ಆಸ್ಪತ್ರೆಯಿಂದ ಬಂದಿದ್ದ. ಕ್ಷೌರಿಕನಿದ್ದ. ಕೆಳಗಿನ ಮೆಟ್ಟಿಲಿನ ಹತ್ತಿರ ಇಸ್ತ್ರಿಯವಳು ಮೇಜಿನ ಮುಂದೆ ನಿಂತು, ಯಾ‌ರದೋ ಅಂಗಿಯ ಅದೇ ತೋಳನ್ನು ಮತ್ತೆ ಮತ್ತೆ ತೀಡುತ್ತಿದ್ದಳು.

ಒಂದು ಕಥೆ ಹೇಳುತ್ತೇನೆ ಎಂದೆ. ಇದನ್ನು ಮೊದಲು ಹೇಳುತ್ತಿರುವವನು ನಾನು, ಇವತ್ತು, ದೀಪ ಹಚ್ಚುವ ಹೊತ್ತಿನಲ್ಲಿ. ಅಜ್ಜಿಯ ಹಾಗೇ ಹೇಳಿದೆ, ಏನೂ ಬಿಡದೆ. ಉಂಗುರ, ಬೂಟು, ಮುದುಕಿ, ಕನ್ನಡಿ, ಪೆನ್ಸಿಲ್ಲು.  

ಮುಗಿದ ಮೇಲೆ ಅಕ್ಕ ಎದ್ದು ಬಂದು ಕೆನ್ನೆಗೆ ಹೊಡೆದಳು. ಒಂದಲ್ಲ. ಕೈ ನೋಯುವ ತನಕ ಹೊಡೆದು, ಆಮೇಲೆ ನನ್ನ ಭುಜ ಹಿಡಿದುಕೊಂಡೇ ಕುಸಿದಳು.

ಇಸ್ತ್ರಿಯವಳು ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡೇ ಮೆಟ್ಟಿಲು ಹತ್ತಿದಳು. ಒಳಗೆ ಕೆಂಡ ಕೆಂಪಗಿತ್ತು. "ಯಾವ ಕೈ?" ಎಂದಳು.

ಬಲಗೈಯನ್ನು ಮೆಟ್ಟಿಲ ಮೇಲೆ ಹರವಿದೆ.

"ಬೆಂಚ್ ಮೇಲೆ ಮಲಗಿದ್ದಾಗ ಚಿತ್ರ ತೆಗೆದಿದ್ದು ನೀನೇ ಅಲ್ವಾ? ಪಕ್ಕದಲ್ಲಿ ಕೂತು ಏಳೋ ತನಕ ಕಾದಿದ್ದು ನೀನೇ ಅಲ್ವಾ? ಗುರುತು ಸಿಗಲಿಲ್ವಾ ನಿನಗೆ?"

"ನೋಡಲಿಲ್ಲ," ಎಂದೆ. ಅದು ನಿಜ.

ಪೆಟ್ಟಿಗೆಯನ್ನು ಇಳಿಸಿದಳು. ನನ್ನ ಬೆರಳುಗಳ ಪಕ್ಕದಲ್ಲಿ, ಮರದ ಮೇಲೆ. ಕೈ ಬಿಟ್ಟಳು. ಮೆಟ್ಟಿಲು ಹೊಗೆಯಾಡಿತು. ಯಾರೂ ಅದನ್ನು ಎತ್ತಲಿಲ್ಲ.

ಮಾತಾಡಿದವನು ಭಾವ. ನನ್ನ ಕಡೆ ನೋಡಲಿಲ್ಲ. "ಅಲ್ಲಿ ಅವರು ಕೇಳೋದು ಒಂದೇ, ಬೆಂಕಿ ಹಚ್ಚಿದ್ದು ಯಾರು, ಕಲ್ಲು ಎಸೆದಿದ್ದು ಯಾರು ಅಂತ. ಗೊತ್ತಿದ್ದೋನು ತಡೆಯೋಕಾಗ್ದೆ ಒಂದು ಹೆಸರು ಹೇಳ್ತಾನೆ, ಏಟು ನಿಲ್ಲುತ್ತೆ. ಇವನು ಅಂಗಿ ಕೊಡೋಕೆ ಬಂದೋನು. ಯಾರು ಏನು ಅಂತ ಏನೂ ಗೊತ್ತಿಲ್ಲ. ಏನು ಹೇಳ್ತಾನೆ? ಅವನಿಗೆ ಏಟು ನಿಲ್ಲೋದೇ ಇಲ್ಲ."

ಮಾರ್ಚ್ ೨೧

ಕೇಳಿದವರು ಇಂದು ಬೆಳಗ್ಗೆ ಏನು ಮಾಡಿದರು ಎಂಬುದನ್ನು ಬರೆದುಬಿಡುತ್ತೇನೆ.

ಇಸ್ತ್ರಿಯವಳು ಕೆಂಡಕ್ಕೆ ನೀರು ಸುರಿದು, ಅಂಗಡಿಯ ಬಾಗಿಲು ಎಳೆದಳು. ಗೋಡೆಯ ಮೇಲಿದ್ದ ಪಾರಿವಾಳದ ಚಿತ್ರವನ್ನು ಬಿಡಿಸಿ ಸೆರಗಿನೊಳಗೆ ಇಟ್ಟುಕೊಂಡಿದ್ದಾಳೆ. ಭಾವನ ಪಾದ ಬೂಟಿನೊಳಗೆ ಹೋಗಲಿಲ್ಲ. ಎರಡನ್ನೂ ದಾರದಿಂದ ಗಂಟು ಹಾಕಿ ಕುತ್ತಿಗೆಗೆ ನೇತುಹಾಕಿಕೊಂಡ. ಕ್ಷೌರಿಕ ಕತ್ತಿ ಹಿಡಿದು ಬಂದು, ಉಳಿದರ್ಧ ಮೀಸೆಯನ್ನೂ ನೀಟು ಮಾಡಿಬಿಡಲಾ ಎಂದು ಕೇಳಿದ.

"ಬೇಡಪ್ಪ," ಎಂದ ಭಾವ. "ಚಿತ್ರದಲ್ಲಿ ಇರೋನು ನಾನೇ ಅಂತ ಅವರಿಗೆ ಗುರುತು ಸಿಗಬೇಕು. ಹೋಗಿ ಹೇಳ್ತೀನಿ, ಸಾರ್, ನನ್ನ ಉಂಗುರ ಯಾರಿಗೋ ತೊಡಿಸಿಬಿಟ್ಟಿದ್ದೀರಿ, ವಾಪಸ್ ಕೊಡಿ ಅಂತ."

ಅಕ್ಕ ಅವನನ್ನು ತಡೆಯುತ್ತಾಳೆ ಎಂದುಕೊಂಡೆ. ಅವಳು ಅವನ ತೋಳನ್ನು ತನ್ನ ಹೆಗಲ ಮೇಲೆ ಹಾಕಿಕೊಂಡಳು. ಇನ್ನೊಂದು ತೋಳನ್ನು ಇಸ್ತ್ರಿಯವಳು ಹೊತ್ತಳು. ಕಂಡಕ್ಟರು ಮಾತಾಡಲಾರ, ಬೆನ್ನ ಹಿಂದೆ ನಿಂತು ಲೋಟಕ್ಕೆ ಚಮಚ ಬಡಿದ. ಭಾವನ ಕಾಲು ಎದ್ದಿತು. ಬಾಗಿಲು ಬಾಗಿಲಿನಿಂದ ಜನ ಬಂದು ಸೇರಿಕೊಂಡರು, ಪೊರಕೆಯ ಚಿತ್ರದವರಲ್ಲಿ ಸೆರೆ ಸಿಗದೆ ಉಳಿದವರು, ಚಿತ್ರದಲ್ಲಿ ಇಲ್ಲದವರೂ. ಯಾರೂ ನನ್ನನ್ನು ಕರೆಯಲಿಲ್ಲ, ಯಾರೂ ಬೈಯಲಿಲ್ಲ.

ನಾನು ಕಿಟಕಿಯಲ್ಲಿದ್ದೆ. ಬಿಸಿಲು ಬೀದಿಯ ತುದಿಯಿಂದ ಎದುರಾಗಿ ಬರುತ್ತಿತ್ತು. ಅವರ ನೆರಳುಗಳು ಉದ್ದಕ್ಕೆ ಹಿಂದೆ ಬಿದ್ದು ನಮ್ಮ ಮನೆಯ ಗೋಡೆಯ ತನಕ ಮುಟ್ಟಿದ್ದವು. ಭಾವನ ಬೆನ್ನ ಮೇಲೆ ಬೂಟುಗಳು ತೂಗುತ್ತಿದ್ದವು. ಬೆಳಕು ಒಳ್ಳೆಯದಿತ್ತು.

ಕ್ಯಾಮೆರಾ ಕೈಗೆ ಯಾವಾಗ ಬಂತೋ ಗೊತ್ತಿಲ್ಲ. ಬೆರಳು ಗುಂಡಿಯ ಮೇಲಿತ್ತು. ಆಗ ಅಕ್ಕ ತಿರುಗಿ ಮೇಲೆ ನೋಡಿದಳು.  ಭಾವನ ಭಾರ ಹೊತ್ತುಕೊಂಡೇ, ಬಿಡುವಾಗಿದ್ದ ಕೈ ಎತ್ತಿ, ತೋರುಬೆರಳಿನಿಂದ ತನ್ನ ಮುಖದ ಸುತ್ತ ನಿಧಾನವಾಗಿ ಒಂದು ಉಂಗುರ ಬರೆದಳು. ಆಮೇಲೆ ಮುಂದಕ್ಕೆ ನಡೆದಳು.

ಒತ್ತಲಿಲ್ಲ. ಕ್ಯಾಮೆರಾ ಮೇಜಿನ ಮೇಲಿದೆ.

ಭಾವನ ಪಾದ ನಿಧಾನ, ಬೀದಿ ಉದ್ದ. ಚಮಚದ ಸದ್ದು ಇನ್ನೂ ಕೇಳಿಸುತ್ತಿದೆ. ಅವರು ತಿರುವು ದಾಟುವ ಮೊದಲು ಹೋಗಿ ಸೇರಿಕೊಳ್ಳಬೇಕು. ಕೇಳಿದವರಲ್ಲಿ ನಾನೂ ಒಬ್ಬ.